ಆ ದೊಡ್ಡ ಕಣ್ಣುಗಳು ಎಲ್ಲಿಯವು?

ಜಪಾನಿ ಕಾರ್ಟೂನ್ ಅಂದ್ರೆ ದೊಡ್ಡ ಕಣ್ಣು. ಅದನ್ನೇ ಆ ದೇಶದ ಸಂಸ್ಕೃತಿ ಅಂದುಕೊಳ್ಳುತ್ತೇವೆ. ಆದರೆ ಒಸಾಮು ತೆಜುಕಾ ಆ ಕಣ್ಣುಗಳನ್ನು ಕಲಿತದ್ದು ಡಿಸ್ನಿಯಂಥ ಅಮೆರಿಕನ್ ಚಿತ್ರಗಳಿಂದ. 1928ರಲ್ಲಿ ಹುಟ್ಟಿದ ಅವರು, 1945ರಲ್ಲಿ ಅದೇ ಅಮೆರಿಕ ಒಸಾಕಾ ಮೇಲೆ ಬಾಂಬು ಸುರಿದಾಗ ಬದುಕುಳಿದವರು. ಡಾಕ್ಟರಿಕೆ ಓದಿದರೂ 1989ರಲ್ಲಿ ತೀರಿಕೊಳ್ಳುವ ತನಕ ಬಿಡದೆ ಬಿಡಿಸಿದ್ದು ಚಿತ್ರಗಳನ್ನೇ.

1952ರಲ್ಲಿ ಅವರ ರೋಬೋ ಹುಡುಗನದೇ ಕಾಮಿಕ್ಸ್ ಸರಣಿ ಶುರುವಾಯಿತು. ಹೆಸರು ಆಟಮ್, ಅಂದರೆ ಅಣು! ಹಿರೋಶಿಮಾ ಸುಟ್ಟು ಏಳೇ ವರ್ಷಕ್ಕೆ ಅಣುಶಕ್ತಿಯಿಂದ ಓಡುವ ಮಗು. ತೀರಿಹೋದ ಮಗನ ಜಾಗಕ್ಕೆ ಅವನನ್ನು ಮಾಡಿಕೊಂಡ ವಿಜ್ಞಾನಿಯೇ, ಇವನು ಬೆಳೆಯೋದಿಲ್ಲ ಅಂತ ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಇದರಲ್ಲಿ ಯಾವ ಪ್ರಾಚೀನ ಮೌಲ್ಯ ಹುಡುಕೋದು? ನನಗೆ ಕಾಣೋದು ಯುದ್ಧದ ಗಾಯ, ಅಷ್ಟೇ.

1963ರಲ್ಲಿ ಆಟಮ್ ಜಪಾನಿನ ಟೀವಿಗೆ ಬಂದ. ಅದೇ ವರ್ಷ ಅಮೆರಿಕದ ಮಕ್ಕಳೂ ಅವನನ್ನು ಆಸ್ಟ್ರೋ ಬಾಯ್ ಹೆಸರಲ್ಲಿ ನೋಡಿದರು.