3000 ವರ್ಷಕ್ಕೊಮ್ಮೆ ಕಾಣುವ ‘ದೇವರ ಕಣ್ಣು’? ಕಾವಲೂರಿನ ವೈನು ಬಪ್ಪು ಕಥೆ ಓದಿ

3000 ವರ್ಷಕ್ಕೊಮ್ಮೆ ತೆರೆಯುವ ‘ದೇವರ ಕಣ್ಣು’ ಎಂಬ ಫೋಟೊ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನಿಮ್ಮ ಗ್ರೂಪಿಗೂ ಬಂದಿರಬಹುದು. ನಾವು ಪರಿಶೀಲಿಸಿದೆವು, ಈ ಮಾತು ಸುಳ್ಳು. ಅದು ಹೆಲಿಕ್ಸ್ ಎಂಬ ಗ್ರಹೀಯ ನೀಹಾರಿಕೆ, ಅಂದರೆ ಸಾಯುತ್ತಿರುವ ನಕ್ಷತ್ರ ಹೊರಚೆಲ್ಲಿದ ಅನಿಲ. ಗ್ರಹಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹಳೆಯ ದೂರದರ್ಶಕಗಳಲ್ಲಿ ಇಂಥವು ಗ್ರಹದಂತೆ ದುಂಡಗೆ ಕಂಡವು, ಹೆಸರು ಹಾಗೇ ಉಳಿಯಿತು. ಹೆಲಿಕ್ಸ್ ಪ್ರತಿ ವರ್ಷವೂ ನಮ್ಮ ಆಕಾಶಕ್ಕೆ ಬರುತ್ತದೆ. ಆದರೆ ಅದರ ವಿವರಗಳನ್ನು ಸೆರೆಹಿಡಿಯಲು ಕತ್ತಲ ಆಕಾಶ, ದೊಡ್ಡ ದೂರದರ್ಶಕ ಬೇಕು.

ಅವೆರಡನ್ನೂ ಕೋಲಾರಕ್ಕೆ ಅಷ್ಟೇನೂ ದೂರವಲ್ಲದ ಕಡೆ ಒದಗಿಸಿದವರು ವೈನು ಬಪ್ಪು (1927–1982). ಹಾರ್ವರ್ಡ್‌ನಲ್ಲಿ ಓದುವಾಗಲೇ, 1949ರಲ್ಲಿ, ಅವರು ಪತ್ತೆಹಚ್ಚಿದ ಧೂಮಕೇತುವಿಗೆ ಅವರ ಹೆಸರೂ ಸೇರಿತು. ಅಮೆರಿಕದಲ್ಲೇ ಉಳಿಯಬಹುದಿತ್ತು, ಉಳಿಯಲಿಲ್ಲ. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ಹೊಣೆ ಹೊತ್ತರು. ನಕ್ಷತ್ರ ನೋಡಲು ಒಳ್ಳೆಯ ಜಾಗ ಹುಡುಕುತ್ತ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರನ್ನು ಆರಿಸಿದರು. 1972ರಲ್ಲಿ ಅಲ್ಲಿಗೆ ಜರ್ಮನಿಯಿಂದ 1 ಮೀಟರ್ ದೂರದರ್ಶಕ ಬಂತು. 1977ರಲ್ಲಿ ಯುರೇನಸ್‌ನ ಉಂಗುರಗಳ ಪತ್ತೆಯಲ್ಲಿ ಕಾವಲೂರಿಗೂ ಪಾಲಿತ್ತು.

ಬಪ್ಪು ಅವರಿಗೆ ಅದು ಸಾಲಲಿಲ್ಲ. ಇನ್ನೂ ದೊಡ್ಡದನ್ನು ಇಲ್ಲೇ ಕಟ್ಟೋಣ ಎಂದು ಹೊರಟರು. ಅದರ 2.34 ಮೀಟರ್ ಕನ್ನಡಿಯನ್ನು ಉಜ್ಜಿ ನಯಗೊಳಿಸಿದ್ದು ನಮ್ಮ ಬೆಂಗಳೂರಿನಲ್ಲೇ. ಕೆಲಸ ಮುಗಿಯುವ ಮೊದಲೇ, 1982ರ ಆಗಸ್ಟ್‌ನಲ್ಲಿ, ಅವರು ಮ್ಯೂನಿಕ್‌ನಲ್ಲಿ ತೀರಿಕೊಂಡರು. 1986ರಲ್ಲಿ ಆ ದೂರದರ್ಶಕಕ್ಕೆ ಅವರದೇ ಹೆಸರಿಟ್ಟರು. ಅದರಲ್ಲಿ ಅವರು ಒಂದು ರಾತ್ರಿಯೂ ಆಕಾಶ ನೋಡಿರಲಿಲ್ಲ.