ಗೇ-ಲುಸಾಕ್: ಹನಿಗೂ ಲೆಕ್ಕ ಇಟ್ಟ ವಿಜ್ಞಾನಿ

ಪಿಯು ತರಗತಿಯಲ್ಲಿ ಅನಿಲ ನಿಯಮಗಳನ್ನು ಓದಿದ ನಮಗೆಲ್ಲ ಗೇ-ಲುಸಾಕ್ ಹೆಸರು ಪರಿಚಿತ. ಪಿಪೆಟ್, ಬ್ಯುರೆಟ್ ಎಂಬ ಪದಗಳನ್ನು 1824ರಲ್ಲಿ ರಸಾಯನಶಾಸ್ತ್ರದ ಬಳಕೆಗೆ ತಂದವರೂ ಅವರೇ. ಪಿಪೆಟ್ ಬಳಕೆಯ ಪ್ರಾತ್ಯಕ್ಷಿಕೆಗೆ ಪಾಠಯೋಜನೆ ಸಿದ್ಧಪಡಿಸುವಾಗ ನಾನು ಅವರ ಜೀವನವನ್ನು ಆಧಾರವಾಗಿ ಆರಿಸಿಕೊಂಡೆ.

ಜೋಸೆಫ್ ಲೂಯಿ ಗೇ-ಲುಸಾಕ್ 1778ರ ಡಿಸೆಂಬರ್ 6ರಂದು ಫ್ರಾನ್ಸಿನಲ್ಲಿ ಜನಿಸಿದರು. ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಓದಿ, ರಸಾಯನಶಾಸ್ತ್ರಜ್ಞ ಬರ್ತೊಲೆ ಅವರ ಸಹಾಯಕರಾದರು. 1804ರಲ್ಲಿ ಬಲೂನಿನಲ್ಲಿ ಒಬ್ಬರೇ ಸುಮಾರು 7,000 ಮೀಟರ್ ಎತ್ತರಕ್ಕೆ ಏರಿ ಗಾಳಿಯ ಮಾದರಿ ತಂದರು. 1808ರಲ್ಲಿ, ಅನಿಲಗಳು ಸರಳ ಗಾತ್ರಾನುಪಾತದಲ್ಲಿ ಸಂಯೋಗ ಹೊಂದುತ್ತವೆ ಎಂಬ ನಿಯಮ ನೀಡಿದರು. ಅದೇ ವರ್ಷ ಪೊಟ್ಯಾಸಿಯಂ ಸ್ಫೋಟದಿಂದ ಕಣ್ಣಿಗೆ ಪೆಟ್ಟಾದರೂ ಪ್ರಯೋಗಾಲಯ ಬಿಡಲಿಲ್ಲ.

ನನ್ನ ಪಾಠಕ್ಕೆ ಹೆಚ್ಚು ಒದಗಿದ್ದು ಪ್ಯಾರಿಸ್ ಟಂಕಸಾಲೆಯಲ್ಲಿ ಅವರು ಮಾಡಿದ ಕೆಲಸ. ಅಲ್ಲಿ ಬೆಳ್ಳಿಯ ಶುದ್ಧತೆ ತಿಳಿಯಲು ಅದನ್ನು ಸೀಸದೊಂದಿಗೆ ಪುಟಕ್ಕಿಡುತ್ತಿದ್ದರು. ಆಗ ಸ್ವಲ್ಪ ಬೆಳ್ಳಿಯೂ ನಷ್ಟವಾಗಿ, ಇದ್ದುದಕ್ಕಿಂತ ಕಡಿಮೆ ಫಲಿತಾಂಶ ಬರುತ್ತಿತ್ತು. ಗೇ-ಲುಸಾಕ್ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಉಪ್ಪಿನ ದ್ರಾವಣ ಸೇರಿಸಿ, ಬಿಳಿಯ ಸಿಲ್ವರ್ ಕ್ಲೋರೈಡ್ ಆಗಿ ಒತ್ತರಿಸುವ ವಿಧಾನವನ್ನು 1832ರಲ್ಲಿ ಪ್ರಕಟಿಸಿದರು. 100 ಮಿಲಿ ದ್ರಾವಣ ಸರಿಯಾಗಿ 1 ಗ್ರಾಂ ಬೆಳ್ಳಿಯನ್ನು ಒತ್ತರಿಸುವಂತೆ ಉಪ್ಪಿನ ಪ್ರಮಾಣ ನಿಗದಿಪಡಿಸಿ, ಅದನ್ನು ಪಿಪೆಟ್ಟಿನಿಂದ ಅಳೆದು ಹಾಕುತ್ತಿದ್ದರು. ಉಳಿದ ಅಲ್ಪ ಬೆಳ್ಳಿಗೆ, ಹತ್ತು ಪಟ್ಟು ತೆಳುವಾದ ದ್ರಾವಣ ಬಳಸುತ್ತಿದ್ದರು. ಅದರ 1 ಮಿಲಿಗೆ 1 ಮಿಲಿಗ್ರಾಂ ಬೆಳ್ಳಿ. 1850ರಲ್ಲಿ ಅವರು ನಿಧನರಾದರು.

ಈ ಲೆಕ್ಕವನ್ನೇ ವಿದ್ಯಾರ್ಥಿಗಳ ಮುಂದಿಡಬಹುದು. ಒಂದು ಹನಿ ಸುಮಾರು 0.05 ಮಿಲಿ. 100 ಮಿಲಿ ಪಿಪೆಟ್ಟಿನಲ್ಲಿ ಒಂದು ಹನಿ ತಪ್ಪಿದರೆ 1 ಗ್ರಾಂ ಬೆಳ್ಳಿಯಲ್ಲಿ 0.5 ಮಿಲಿಗ್ರಾಂ ವ್ಯತ್ಯಾಸ; 1 ಕಿಲೋಗ್ರಾಂಗೆ ಅರ್ಧ ಗ್ರಾಂ! ಆ ನಷ್ಟ ಯಾರದು ಎಂದು ಕೇಳಿದರೆ ಚರ್ಚೆ ತಾನಾಗಿಯೇ ಬೆಳೆಯುತ್ತದೆ.

ಆಮೇಲೆ ನಿಯಮಗಳನ್ನು ಹೇಳಬೇಕು: ಬಾಯಿಂದ ಎಳೆಯದೆ ರಬ್ಬರ್ ಬಲ್ಬ್ ಬಳಸಿ; ಪಿಪೆಟ್ಟನ್ನು ನೇರವಾಗಿ ಹಿಡಿಯಿರಿ; ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದು ದ್ರವದ ಬಾಗಿದ ಮೇಲ್ಮೈಯ ತಳವನ್ನು ನೋಡಿ; ಒಂದೇ ಗೆರೆಯ ಪಿಪೆಟ್ಟಿನ ತುದಿಯಲ್ಲಿ ಉಳಿದ ಹನಿಯನ್ನು ಊದಬೇಡಿ, ಅದನ್ನು ಬಿಟ್ಟೇ ಗೆರೆ ಗುರುತಿಸಲಾಗಿದೆ. ಕಾರಣ ತಿಳಿದ ಮೇಲೆ ಇವು ಅಂಕಗಳಿಗಾಗಿ ಕಂಠಪಾಠ ಮಾಡುವ ಸಾಲುಗಳಾಗಿ ಉಳಿಯುವುದಿಲ್ಲ. ನಿಖರ ಅಳತೆ ಎಂದರೆ ಇನ್ನೊಬ್ಬರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ಎಂಬ ಮೌಲ್ಯವೂ ಪಾಠದೊಳಗೆ ಸೇರುತ್ತದೆ.