ಬೈಂಡಿಂಗ್ ಅಂಗಡಿಯ ಹುಡುಗನ ನೋಟ್ಸ್

ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ ಪರೀಕ್ಷೆಯಲ್ಲಿ ಫ್ಯಾರಡೆ ನಿಯಮವನ್ನು ಕಣ್ಣುಮುಚ್ಚಿ ಬರೆದು ಬಂದವನು ನಾನು. ಹಿಂದಿನ ರಾತ್ರಿ ಜೆರಾಕ್ಸ್ ನೋಟ್ಸ್ ಉರು ಹೊಡೆದಿದ್ದೆ, ಅಷ್ಟೆ. ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಅದೇ ಉಪಾಯ ಕೈಕೊಟ್ಟಿತು, ಬ್ಯಾಕ್‌ಲಾಗ್ ಬಿತ್ತು. ಆಮೇಲೆ ಕ್ಲಾಸಿನ ಟಾಪರ್‌ನ ಟೈಮ್‌ಟೇಬಲ್ ಕೇಳಿ ಪಡೆದು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿದೆ. ನಾಲ್ಕೇ ದಿನ! ಐದನೇ ದಿನ ಅಲಾರಂ ಆಫ್ ಮಾಡಿದ್ದೂ ನೆನಪಿಲ್ಲ. ಆ ರಜೆಯಲ್ಲಿ ಲೈಬ್ರರಿಯಲ್ಲಿ ಸಿಕ್ಕಿದ್ದು ಮೈಕೆಲ್ ಫ್ಯಾರಡೆಯ ಜೀವನಚರಿತ್ರೆ. ನಿಯಮ ಗೊತ್ತಿತ್ತು, ಮನುಷ್ಯ ಗೊತ್ತಿರಲಿಲ್ಲ.

ಹುಟ್ಟಿದ್ದು 1791ರಲ್ಲಿ, ಲಂಡನ್ನಿನ ದಕ್ಷಿಣ ಭಾಗದಲ್ಲಿ. ಅಪ್ಪ ಕಮ್ಮಾರ, ಕಾಯಿಲೆಯವನು. ಓದು ಬರಹ, ಒಂದಿಷ್ಟು ಲೆಕ್ಕ ಕಲಿಯುವಷ್ಟರಲ್ಲಿ ಶಾಲೆ ಮುಗಿಯಿತು. ಹದಿನಾಲ್ಕಕ್ಕೆ ಜಾರ್ಜ್ ರೀಬೋ ಎಂಬುವರ ಅಂಗಡಿಯಲ್ಲಿ ಪುಸ್ತಕ ಬೈಂಡಿಂಗ್ ಕಲಿಯಲು ಸೇರಿದ. ಏಳು ವರ್ಷದ ಕರಾರು. ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಓದತೊಡಗಿದ. ಬ್ರಿಟಾನಿಕಾ ವಿಶ್ವಕೋಶದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನ, ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕ ಅವನ ತಲೆ ಹೊಕ್ಕವು. ಓದಿದ್ದನ್ನು ಹಾಗೇ ನಂಬುತ್ತಿರಲಿಲ್ಲ. ಕೈಲಾದಷ್ಟು ಕಾಸು ಹಾಕಿ ಸಾಮಾನು ತಂದು ಮಾಡಿ ನೋಡುತ್ತಿದ್ದ.

ಐಸಾಕ್ ವಾಟ್ಸ್ ಎಂಬುವರು ಬರೆದ, ಬುದ್ಧಿ ಬೆಳೆಸಿಕೊಳ್ಳುವ ಬಗೆ ತಿಳಿಸುವ ಪುಸ್ತಕವೂ ಸಿಕ್ಕಿತು. ಟಿಪ್ಪಣಿ ಮಾಡು, ಉಪನ್ಯಾಸಕ್ಕೆ ಹೋಗು, ಗೆಳೆಯರೊಡನೆ ಚರ್ಚಿಸು, ಪತ್ರ ಬರೆ ಎಂಬ ಸಲಹೆಗಳು ಅದರಲ್ಲಿದ್ದವು. ಇಂಥ ಸಲಹೆ ನಮಗೂ ದಿನಕ್ಕೆ ಹತ್ತು ರೀಲ್ಸ್‌ನಲ್ಲಿ ಸಿಗುತ್ತವೆ ಬಿಡಿ. ಈತ ಮಾತ್ರ ಎಲ್ಲವನ್ನೂ ಮಾಡಿದ. ಟೇಟಮ್ ಎಂಬುವರ ಮನೆಯ ವಿಜ್ಞಾನ ಉಪನ್ಯಾಸಕ್ಕೆ ಒಂದು ಶಿಲ್ಲಿಂಗ್ ಶುಲ್ಕ. ಅದನ್ನು ಕೊಟ್ಟವನು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ. ಗೆಳೆಯ ಬೆಂಜಮಿನ್ ಅಬಟ್‌ಗೆ ಉದ್ದುದ್ದ ಪತ್ರ ಬರೆಯುತ್ತ ತನಗೆ ಅರ್ಥವಾದದ್ದೆಷ್ಟು ಎಂದು ತಾನೇ ಪರೀಕ್ಷಿಸಿಕೊಂಡ. ನೆನಪಿನ ಶಕ್ತಿ ಕಡಿಮೆ ಎಂದು ಅವನು ಗೊಣಗುತ್ತಲೇ ಇದ್ದ. ಹಾಗಾಗಿ ಬರೆದಿಡದೆ ಗತಿಯಿರಲಿಲ್ಲ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಕೇಳಿದ್ದನ್ನೆಲ್ಲ ಮನೆಗೆ ಬಂದು ಚಿತ್ರಸಹಿತ ವಿಸ್ತರಿಸಿ ಬರೆದ. ಸುಮಾರು 300 ಪುಟ! ಅಷ್ಟರಲ್ಲಿ ಕೆಲಸ ಕೇಳಿ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಪತ್ರ ಹಾಕಿದ್ದ, ಉತ್ತರವೇ ಬರಲಿಲ್ಲ. (ಅರ್ಜಿ ಹಾಕಿ ಮೇಲ್ ನೋಡುತ್ತ ಕೂತಿರುವ ನಮ್ಮ ಸೀನಿಯರ್‌ಗಳು ಗಮನಿಸಬೇಕು.) ಕೊನೆಗೆ ಆ ನೋಟ್ಸನ್ನು ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಡೇವಿ ಕರೆಸಿ ಮಾತಾಡಿದರು, ಆದರೆ ಕೆಲಸ ಖಾಲಿ ಇರಲಿಲ್ಲ. ಕೆಲವೇ ವಾರಗಳಲ್ಲಿ ಅಲ್ಲಿನ ಸಹಾಯಕನೊಬ್ಬ ಜಗಳ ಮಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್‌ನಲ್ಲಿ ಆ ಜಾಗಕ್ಕೆ ಫ್ಯಾರಡೆ ಬಂದ. ಅದೃಷ್ಟ ಅನ್ನಿ, ಆದರೆ ಆ 300 ಪುಟ ಮೊದಲೇ ಬರೆದಾಗಿತ್ತು.

ಎಲ್ಲ ಸಲೀಸಾಗಿರಲಿಲ್ಲ. ಡೇವಿ ದಂಪತಿಯ ಯುರೋಪ್ ಪ್ರವಾಸದಲ್ಲಿ ಸೇವಕನ ಕೆಲಸವೂ ಇವನ ತಲೆಗೆ ಬಿತ್ತು. ಡೇವಿಯ ಹೆಂಡತಿ ಇವನನ್ನು ಆಳಿನಂತೆಯೇ ನಡೆಸಿಕೊಂಡಳು. ವಾಪಸ್ ಹೋಗಿಬಿಡೋಣ ಅನ್ನಿಸಿದ್ದೂ ಉಂಟು. ಗಣಿತವಂತೂ ಕೊನೆಯವರೆಗೂ ಹತ್ತಲಿಲ್ಲ. ಆಂಪಿಯರ್‌ನ ಸಮೀಕರಣಗಳ ಹಿಂದೆ ಹೋಗಲಾಗದೆ, ಕಬ್ಬಿಣದ ಪುಡಿ ಉದುರಿಸಿ ಆಯಸ್ಕಾಂತದ ಸುತ್ತ ಮೂಡುವ ಗೆರೆಗಳನ್ನೇ ನೋಡಿದ, ಅವುಗಳಲ್ಲೇ ಯೋಚಿಸಿದ. ಆ ಗೆರೆಗಳಿಗೆ ಗಣಿತದ ರೂಪ ಕೊಟ್ಟವನು ಮುಂದೆ ಬಂದ ಮ್ಯಾಕ್ಸ್‌ವೆಲ್. ಇದನ್ನು ಓದಿ ನನಗೆ ಸಮಾಧಾನ ಆಯ್ತು ಅಂತ ಸುಳ್ಳು ಹೇಳಲಾರೆ. ನನ್ನ ಪೇಪರ್ ನಾನೇ ಬರೆಯಬೇಕು, ಮ್ಯಾಕ್ಸ್‌ವೆಲ್ ಬರುವುದಿಲ್ಲ. ಆದರೆ ಈಗ ಲೆಕ್ಕ ಶುರು ಮಾಡುವ ಮೊದಲು ಚಿತ್ರ ಬರೆದುಕೊಳ್ಳುತ್ತೇನೆ.

1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಸುರುಳಿ ತಂತಿ ಸುತ್ತಿ, ಒಂದಕ್ಕೆ ಬ್ಯಾಟರಿ ಜೋಡಿಸಿದಾಗ ಇನ್ನೊಂದರ ಕಡೆಯ ಮುಳ್ಳು ಅಲುಗಿತು. ಜೋಡಿಸುವಾಗ, ಬಿಡಿಸುವಾಗ ಮಾತ್ರ. ಅದಕ್ಕೂ ಮುಂಚೆ ಹಲವು ವರ್ಷ ಆಗಾಗ ಪ್ರಯತ್ನಿಸಿ ಸೋತಿದ್ದ. ಅವನ ಪ್ರಯೋಗದ ದಿನಚರಿಯಲ್ಲಿ ಪ್ಯಾರಾಗಳಿಗೆ ಸಂಖ್ಯೆ ಹಾಕಿರುತ್ತಿದ್ದ. ಕೊನೆಗೆ ಅದು 16 ಸಾವಿರ ದಾಟಿತು. ಗೆದ್ದದ್ದಕ್ಕೂ ನಂಬರ್, ಸೋತದ್ದಕ್ಕೂ ನಂಬರ್.

ನನಗೆ ತುಂಬಾ ಹಿಡಿಸಿದ್ದು ಆ ದಿನಚರಿಯ ಕೊನೆಯ ಭಾಗ. 1862ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ನೆನಪು ಪೂರಾ ಕೈಕೊಡುತ್ತಿದ್ದಾಗ, ಜ್ವಾಲೆಯ ಬೆಳಕಿನ ಮೇಲೆ ಆಯಸ್ಕಾಂತ ಪರಿಣಾಮ ಬೀರುತ್ತದೆಯೇ ಎಂದು ನೋಡಿದ. ಏನೂ ಕಾಣಲಿಲ್ಲ. ಕಾಣಲಿಲ್ಲ ಎಂದೇ ಬರೆದಿಟ್ಟ. 1867ರಲ್ಲಿ ತೀರಿಕೊಂಡ. 1896ರಲ್ಲಿ ಝೀಮನ್ ಎಂಬ ಡಚ್ ವಿಜ್ಞಾನಿ, ಫ್ಯಾರಡೆಯಂಥವನೇ ಪ್ರಯತ್ನಿಸಿದ್ದಾನಲ್ಲ ಎಂದುಕೊಂಡು, ಇನ್ನೂ ಉತ್ತಮ ಉಪಕರಣ ಹಿಡಿದು ಅದೇ ಪ್ರಯೋಗ ಮಾಡಿದ. ಪರಿಣಾಮ ಕಂಡಿತು.